ಮಿಸ್ಸಿಗೇ ಟೋಪಿ ಹಾಕುವ ಗೊಂಬೆ

ಇಂದು ನಾನು ಮಾತಾಡಬೇಕೆಂದಿರುವುದು ಕೈಗೊಂಬೆಯ ಬಗ್ಗೆ. ನಮ್ಮ ಮೈಸೂರು ಸೀಮೆಯವರಿಗೆ ಗೊಂಬೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ದಸರೆಯಲ್ಲಿ ಮೆಟ್ಟಿಲ ಮೇಲೆ ಕೂರಿಸುವ ಪಟ್ಟದ ಗೊಂಬೆ. ಅದನ್ನು ಮುಟ್ಟುವ ಹಾಗಿಲ್ಲ. ದೂರ ನಿಂತು ನೋಡಬೇಕು, ಆರತಿಯಾದ ಮೇಲೆ ಚರಪು ಈಸಿಕೊಂಡು ಮನೆಗೆ ಹೋಗಬೇಕು. ಕೈಗೊಂಬೆಯ ಜಾಯಮಾನ ಬೇರೆ. ಅದನ್ನು ಮುಟ್ಟದಿದ್ದರೆ ಅದಕ್ಕೆ ಜೀವವೇ ಇಲ್ಲ. ಒಂದು ತಲೆ, ಆ ತಲೆಗೆ ಹೊಲಿದ ಒಂದು ಬಟ್ಟೆಯ ಅಂಗಿ. ತೋರುಬೆರಳು ಕುತ್ತಿಗೆಯೊಳಗೆ ಹೋಗುತ್ತದೆ, ಹೆಬ್ಬೆರಳು ಒಂದು ತೋಳಿಗೆ, ನಡುಬೆರಳು ಇನ್ನೊಂದು ತೋಳಿಗೆ. ದಾರವಿಲ್ಲ, ಸಲಾಕೆಯಿಲ್ಲ, ಪರದೆಯೂ ಬೇಕೆಂದಿಲ್ಲ. ಬೆರಳು ಮಡಚಿದರೆ ಗೊಂಬೆ ತಲೆ ತಗ್ಗಿಸುತ್ತದೆ, ಎರಡು ತೋಳು ಕೂಡಿಸಿದರೆ ನಮಸ್ಕಾರ ಮಾಡುತ್ತದೆ, ಬಾಯಿಗೆ ತೋಳು ಒತ್ತಿಕೊಂಡರೆ ಒಳಗೊಳಗೇ ನಗುತ್ತದೆ.

ಸಾಲಿಗ್ರಾಮದ ಸುತ್ತಮುತ್ತ, ಅದಕ್ಕೂ ಮೊದಲು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಒಂದನೇ ಎರಡನೇ ತರಗತಿಯ ಮಕ್ಕಳಿಗೆ ಪಾಠ ಹೇಳಿಕೊಂಡು ಬಂದವಳು ನಾನು. ಇಂಥ ಒಂದು ಗೊಂಬೆ ಬಹುಕಾಲ ನನ್ನ ಜೊತೆಗಿತ್ತು. ಆದರೆ ಅದು ಏಕೆ ಅಷ್ಟು ಕೆಲಸ ಮಾಡುತ್ತಿತ್ತು ಎನ್ನುವುದು ನನಗೆ ಸರಿಯಾಗಿ ತಿಳಿದದ್ದು ನಿವೃತ್ತಿಯಾದ ಮೇಲೆ, ಅದೂ ಒಂದು ಇಂಗ್ಲಿಷ್ ಕರಡಿಯಿಂದ. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ಮಕ್ಕಳನ್ನು ಕರೆದುಕೊಂಡು ಬೇಸಿಗೆ ರಜೆಗೆ ಬಂದಿದ್ದಳು. ಅವಳ ಮಗ ಹಳೆಯ ಟೆಲಿವಿಷನ್ ಕಾರ್ಯಕ್ರಮವೊಂದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಬಿದ್ದು ಬಿದ್ದು ನಗುತ್ತಿದ್ದ. ಪಕ್ಕದ ಮನೆಯ ಮಕ್ಕಳೂ ಬಂದು ಕೂತರು. ಅವರಿಗೆ ಆ ಇಂಗ್ಲಿಷಿನ ಒಂದು ಮಾತೂ ತಿಳಿಯುತ್ತಿರಲಿಲ್ಲ. ಅವರೂ ಅಷ್ಟೇ ನಗುತ್ತಿದ್ದರು, ಅದೂ ಅದೇ ಜಾಗಗಳಲ್ಲಿ.

ಆ ಕರಡಿಯ ಹೆಸರು ಸೂಟಿ. 1948ರಲ್ಲಿ ಹ್ಯಾರಿ ಕಾರ್ಬೆಟ್ ಎಂಬುವರು ಹೆಂಡತಿ ಮಕ್ಕಳ ಜೊತೆ ಬ್ಲ್ಯಾಕ್‌ಪೂಲ್ ಎಂಬ ಕಡಲ ತೀರದ ಊರಿಗೆ ರಜೆಗೆ ಹೋಗಿದ್ದರು. ವೃತ್ತಿಯಲ್ಲಿ ಎಂಜಿನಿಯರ್, ಹವ್ಯಾಸದಲ್ಲಿ ಜಾದೂಗಾರ. ಸಮುದ್ರದೊಳಕ್ಕೆ ಚಾಚಿಕೊಂಡಿರುವ ಅಲ್ಲಿನ ಉತ್ತರ ಕಟ್ಟೆಯ ಮೇಲೆ ಒಂದು ಅಂಗಡಿ. ಅಲ್ಲಿ ಹಳದಿ ಬಣ್ಣದ ಕರಡಿಯ ಕೈಗೊಂಬೆ ಕಣ್ಣಿಗೆ ಬಿತ್ತು. ಏಳು ಷಿಲಿಂಗ್ ಆರು ಪೆನ್ಸ್ ಕೊಟ್ಟು ಕೊಂಡರು. ಮನೆಯ ಮಕ್ಕಳನ್ನು ನಗಿಸುವುದಕ್ಕೆಂದು ತಂದ ಗೊಂಬೆ ಅದು. 1952ರಲ್ಲಿ ಬಿಬಿಸಿಯ ಪ್ರತಿಭಾ ಪ್ರದರ್ಶನವೊಂದರಲ್ಲಿ ಅದನ್ನು ಆಡಿಸಿದರು. ಆಗಿನದು ಕಪ್ಪು ಬಿಳುಪಿನ ಟೆಲಿವಿಷನ್. ಬರೀ ಹಳದಿ ಕರಡಿಯ ಮುಖಮೂತಿ ಅದರಲ್ಲಿ ಎದ್ದು ಕಾಣುತ್ತಿರಲಿಲ್ಲ. ಕಾರ್ಬೆಟ್ ಅದರ ಕಿವಿಗೂ ಮೂಗಿಗೂ ಹೊಗೆ ಮಸಿ ಬಳಿದರು. ಇಂಗ್ಲಿಷಿನಲ್ಲಿ ಹೊಗೆ ಮಸಿಗೆ ಸೂಟ್ ಎನ್ನುತ್ತಾರೆ, ಆ ಮಸಿಯೇ ಗೊಂಬೆಗೆ ಹೆಸರೂ ಆಯಿತು. 1955ರಿಂದ ಅದರದೇ ಕಾರ್ಯಕ್ರಮ ಬಿಬಿಸಿಯಲ್ಲಿ ಶುರುವಾಯಿತು. 1968ರಲ್ಲಿ ಐಟಿವಿ ಎಂಬ ವಾಹಿನಿಗೆ ಹೋಯಿತು. ಕಾರ್ಬೆಟ್‌ಗೆ ಹೃದಯಾಘಾತವಾದ ಮೇಲೆ, 1976ರಲ್ಲಿ, ಮಗ ಮ್ಯಾಥ್ಯೂ ಆ ಗೊಂಬೆಯನ್ನು ಕೈಗೆ ತೊಟ್ಟ. 1998ರಲ್ಲಿ ಅವನಿಂದ ರಿಚರ್ಡ್ ಕ್ಯಾಡೆಲ್ ಎಂಬ ಇನ್ನೊಬ್ಬ ಜಾದೂಗಾರನ ಕೈಗೆ ಬಂತು. ಅಪ್ಪ, ಮಗ, ಆಮೇಲೆ ಹೊರಗಿನವನು. ಕೈ ಬದಲಾಯಿತು, ಕರಡಿ ಅದೇ.

ಈ ಸೂಟಿಯ ವಿಶೇಷ ಏನು ಗೊತ್ತೆ? ಅದು ಮಾತಾಡುವುದಿಲ್ಲ. ಏನು ಹೇಳಬೇಕಾದರೂ ಕಾರ್ಬೆಟ್‌ರ ಕಿವಿಯ ಹತ್ತಿರ ಹೋಗಿ ಪಿಸುಗುಡುತ್ತದೆ. ನಮಗೆ ಏನೂ ಕೇಳಿಸುವುದಿಲ್ಲ. ಅವರು, "ಏನು? ಹಿಟ್ಟನ್ನು ಎಲ್ಲಿ ಹಾಕಿದೆ ಅಂದೆ?" ಎನ್ನುವ ಧಾಟಿಯಲ್ಲಿ ತಿರುಗಿ ಕೇಳಿದಾಗಲೇ ನಮಗೆ ವಿಷಯ ತಿಳಿಯಬೇಕು. ಜೊತೆಗೆ 1957ರಲ್ಲಿ ಬಂದ ಸ್ವೀಪ್ ಎಂಬ ನಾಯಿ ಇದೆ. ಅದು ಮಾತಾಡುತ್ತದೆ, ಆದರೆ ಬರೀ ಕೀಚು ದನಿ. ಸ್ಯಾಕ್ಸೊಫೋನ್ ವಾದ್ಯದ ನಾಲಗೆಯನ್ನು, ಅಂದರೆ ಊದಿದಾಗ ಅದುರುವ ಆ ತೆಳು ಪಟ್ಟಿಯನ್ನು, ಬಾಯಲ್ಲಿಟ್ಟುಕೊಂಡು ಹೊರಡಿಸುವ ದನಿ ಅದು. ಕೋಪ ಬಂದದ್ದು, ಅತ್ತದ್ದು, ತಿಂಡಿ ಕೇಳಿದ್ದು ಎಲ್ಲ ದನಿಯ ಏರಿಳಿತದಲ್ಲೇ ತಿಳಿಯುತ್ತದೆ. 1964ರಲ್ಲಿ ಸೂ ಎಂಬ ಪಾಂಡಾ ಬಂದಳು. ಅವಳಿಗೆ ಮಾತ್ರ ಚೆನ್ನಾಗಿ ಮಾತು ಬರುತ್ತದೆ. ಕಾರ್ಬೆಟ್‌ರ ಹೆಂಡತಿ ಮಾರ್ಜೊರಿ ಅವಳಿಗೆ ದನಿ ಕೊಟ್ಟರು. ಮಕ್ಕಳ ಕಾರ್ಯಕ್ರಮದೊಳಕ್ಕೆ ಹೆಣ್ಣುಗೊಂಬೆ ಬಂದರೆ ಸರಸ ಶುರುವಾದೀತು ಎಂದು ಬಿಬಿಸಿಯ ದೊಡ್ಡವರು ಆಗ ಅಳುಕಿದ್ದರಂತೆ.

ಇಷ್ಟೂ ಗೊಂಬೆಗಳು ಸೇರಿ ಮಾಡುವುದು ಒಂದೇ ಕೆಲಸ. ಪಕ್ಕದಲ್ಲಿರುವ ದೊಡ್ಡ ಮನುಷ್ಯನಿಗೆ ಟೋಪಿ ಹಾಕುವುದು. ಕೋಟು ಟೈ ತೊಟ್ಟು ಗಂಭೀರವಾಗಿ ನಿಂತಿರುವ ಗೃಹಸ್ಥರ ಮುಖಕ್ಕೆ ಸೂಟಿ ಪಿಚಕಾರಿಯಿಂದ ನೀರು ಹಾರಿಸುತ್ತದೆ, ತಲೆಗೆ ಸುತ್ತಿಗೆಯಿಂದ ಕುಟ್ಟುತ್ತದೆ, ಅಡುಗೆ ಮಾಡಹೋಗಿ ಹಿಟ್ಟನ್ನೆಲ್ಲ ಅವರ ಮೈಮೇಲೆ ಚೆಲ್ಲುತ್ತದೆ. ಅವರು ಗದರುತ್ತಾರೆ, ಆದರೆ ಕೈಯೆತ್ತುವುದಿಲ್ಲ. ಗೊಂಬೆಯನ್ನು ಎಸೆದು ಹೋಗುವುದೂ ಇಲ್ಲ. ಮುಖ ಒರೆಸಿಕೊಂಡು ಮುಂದಿನ ಆಟಕ್ಕೆ ನಿಲ್ಲುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಕಾರ್ಯಕ್ರಮದ ನಿಜವಾದ ಕಲಾವಿದ ಆ ನೆನೆದ ಮನುಷ್ಯ. ಅವರ ಕೈ ತುಂಟತನ ಮಾಡುತ್ತಿದೆ, ಅವರ ಮುಖಕ್ಕೆ ಅದು ಗೊತ್ತೇ ಇಲ್ಲ. ತನ್ನ ಕೈಯಿಂದಲೇ ತಾನು ಮೋಸ ಹೋಗಿ, ನಿಜವಾಗಿ ಬೆಚ್ಚಿ ಬೀಳುವುದಿದೆಯಲ್ಲ, ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು.

ಪಕ್ಕದ ಮನೆಯ ಮಕ್ಕಳಿಗೆ ಇಂಗ್ಲಿಷ್ ಬರದೆಯೂ ನಗು ಬಂದದ್ದು ಇದಕ್ಕೇ. ದೊಡ್ಡವರ ಮುಂದೆ ಕೈಕಟ್ಟಿ ನಿಲ್ಲುವುದನ್ನು ಎಲ್ಲ ದೇಶದಲ್ಲೂ ಮಕ್ಕಳಿಗೆ ಕಲಿಸುತ್ತಾರೆ. ದೊಡ್ಡವರನ್ನು ನೋಡಿ ನಗುವುದಕ್ಕೆ ಎಲ್ಲೂ ಬಿಡುವುದಿಲ್ಲ. ಗೊಂಬೆ ಬಿಡುತ್ತದೆ.

ಇದನ್ನು ಇಂಗ್ಲೆಂಡಿನವರಿಂದ ನಾವು ಕಲಿಯಬೇಕೆ ಎಂದು ಯಾರಾದರೂ ಕೇಳಬಹುದು. ಬೇಡ. ನಮ್ಮ ತೊಗಲುಗೊಂಬೆ ಆಟದಲ್ಲಿ ಕಿಳ್ಳೇಕ್ಯಾತ ಎಂಬ ನಗೆಗಾರ ಇದ್ದಾನೆ. ಆ ಆಟ ನೋಡಿದ ಹಿರಿಯರು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಕಡೆ ಇನ್ನೂ ಇದ್ದಾರೆ. ಮಳೆ ಹೋದರೆ, ದನಕರುವಿಗೆ ರೋಗ ಬಂದರೆ ಊರವರು ಹಣ ಹೊಂದಿಸಿ ಆಟ ಆಡಿಸುತ್ತಿದ್ದರು. ಬಿಳಿ ಪಂಚೆಯ ಪರದೆ, ಅದರ ಹಿಂದೆ ಹರಳೆಣ್ಣೆಯ ದೀಪ, ಆಡಿನ ತೊಗಲನ್ನು ಹದಮಾಡಿ, ಕತ್ತರಿಸಿ, ಬಣ್ಣ ಹಾಕಿದ ಗೊಂಬೆಗಳು. ಗಣಪತಿ ಸರಸ್ವತಿಯರ ಸ್ತುತಿ ಮುಗಿಯುತ್ತಿದ್ದಂತೆ ಕಿಳ್ಳೇಕ್ಯಾತ ನುಗ್ಗಿ ಬರುತ್ತಾನೆ. ಕರೀ ಮೈ, ದಪ್ಪ ತುಟಿ, ಡೊಳ್ಳು ಹೊಟ್ಟೆ. ಬೆನ್ನ ಹಿಂದೆಯೇ ಅವನ ಹೆಂಡತಿ ಬಂಗಾರಕ್ಕ. ಇಬ್ಬರಿಗೂ ಜಗಳ ಶುರು. ರಾಮ ರಾವಣರು ಹಾಡಿನಲ್ಲಿ, ಗ್ರಂಥದ ಮಾತಿನಲ್ಲಿ ವ್ಯವಹರಿಸಿದರೆ ಇವರಿಬ್ಬರದು ಆಯಾ ಊರಿನ ಆಡುಮಾತು. ರಾಮಾಯಣದ ನಟ್ಟನಡುವೆ ಕಿಳ್ಳೇಕ್ಯಾತ ಊರಿನ ಗೌಡನ ಜಿಪುಣತನ, ಶ್ಯಾನುಭೋಗರ ಲೆಕ್ಕ, ಹೋದ ವಾರ ನಡೆದ ಪಂಚಾಯ್ತಿ ಎಲ್ಲವನ್ನೂ ಎಳೆದು ತರಬಲ್ಲ. ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿಕೊಂಡು ಕೂತ ಗೌಡನೂ ನಗಲೇಬೇಕು. ನಗದಿದ್ದರೆ ಆಡಿದ ಮಾತು ನಿಜವೆಂದು ಒಪ್ಪಿಕೊಂಡ ಹಾಗಾಗುತ್ತದೆ.

ಆ ಆಟದ ಮನೆತನಗಳಲ್ಲಿ ಬಹಳ ಮಂದಿ ಕೆರೆ ಹೊಳೆಗಳಲ್ಲಿ ಮೀನು ಹಿಡಿಯುವ ಕಸುಬಿಗೆ ಹೋಗಿದ್ದಾರೆ. ಆಟವನ್ನೇ ಹಿಡಿದು ನಿಂತವರೂ ಇದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಆ ಸುದ್ದಿ ಕೇಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅತ್ತ ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಯಕ್ಷಗಾನದ ಸೂತ್ರದ ಗೊಂಬೆಗಳನ್ನು ತಲೆಮಾರಿನಿಂದ ತಲೆಮಾರಿಗೆ ಆಡಿಸುತ್ತಲೇ ಬಂದಿದೆ. ಸಾಲಿಗ್ರಾಮ ಮೇಳ ಅಂದರೆ ಹೊರಗಿನವರಿಗೆ ಕರಾವಳಿಯ ಆ ಇನ್ನೊಂದು ಸಾಲಿಗ್ರಾಮದ ಯಕ್ಷಗಾನ ಮೇಳ ನೆನಪಾಗುತ್ತದೆ. ರಾಮಾನುಜಾಚಾರ್ಯರು ತಂಗಿದ್ದ, ಕಾವೇರಿ ನೀರು ಕುಡಿಯುವ ನಮ್ಮ ಸಾಲಿಗ್ರಾಮದಲ್ಲಿ ಮೇಳವಿಲ್ಲ. ಆದರೆ ಗೊಂಬೆ ನೋಡಿ ನಗುವ ಮಕ್ಕಳಿಗೆ ಇಲ್ಲೂ ಬರವಿಲ್ಲ.

ತೊಗಲುಗೊಂಬೆ, ಸೂತ್ರದ ಗೊಂಬೆಗಳಷ್ಟು ಗಟ್ಟಿಯಾಗಿ ಕೈಗೊಂಬೆ ನಮ್ಮ ನಾಡಿನಲ್ಲಿ ಬೇರೂರಲಿಲ್ಲ. ನೆರೆಯ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಅದರ ದೊಡ್ಡ ಪರಂಪರೆಯೇ ಇದೆ. ಪಾವಕಥಕಳಿ ಎನ್ನುತ್ತಾರೆ. ಕಥಕಳಿಯ ವೇಷ, ಕಿರೀಟ, ಬಣ್ಣ ಎಲ್ಲವನ್ನೂ ಅಂಗೈ ಮೇಲಿನ ಗೊಂಬೆಗೆ ಇಳಿಸಿದ ಕಲೆ. ಅದು ನಿಂತೇಹೋಗುವ ಹಂತಕ್ಕೆ ಬಂದಾಗ, 1980ರ ದಶಕದ ಆರಂಭದಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಒತ್ತಾಸೆಯಾಗಿ ನಿಂತರು. ಇರಿಂಜಾಲಕುಡದ ನಟನಕೈರಳಿಯ ಜಿ. ವೇಣು ಅವರು ಹಳೆಯ ಮನೆತನದವರನ್ನು ಹುಡುಕಿ ಅದನ್ನು ಮತ್ತೆ ಎಬ್ಬಿಸಿದರು. ಅದು ಭಕ್ತಿ, ಶೃಂಗಾರ, ವೀರದ ಕಲೆ. ನಾನು ಹೇಳಲು ಹೊರಟಿರುವ ತುಂಟ ಗೊಂಬೆ ಅದರ ದೂರದ ನೆಂಟ ಮಾತ್ರ.

ಈಗ ನನ್ನ ಶಾಲೆಯ ಗೊಂಬೆಗೆ ಬರುತ್ತೇನೆ. ಅವನ ಹೆಸರು ಬೆಲ್ಲಣ್ಣ. ಆಲೆಮನೆಗಳ ಸೀಮೆ ನಮ್ಮದು, ಹಾಗಾಗಿ ಮಕ್ಕಳೇ ಇಟ್ಟ ಹೆಸರು. ಹಳೆಯ ರವಿಕೆ ಬಟ್ಟೆಯ ಅಂಗಿ, ತೆಂಗಿನ ನಾರಿನ ಕೂದಲು, ಗುಂಡಿಯ ಕಣ್ಣು. ಕಳೆಯುವ ಲೆಕ್ಕದ ಪಾಠ. ಮೇಜಿನ ಮೇಲೆ ಸಾಲಾಗಿ ಐದು ಬೆಲ್ಲದ ಚೂರು. "ಐದು ಅಚ್ಚು ಇದೆಯಲ್ಲ ಮಕ್ಕಳೇ" ಎಂದು ಕಪ್ಪು ಹಲಗೆಯ ಕಡೆ ತಿರುಗುತ್ತೇನೆ. ನನ್ನ ಬಲಗೈ ಮೇಜಿನ ಮೇಲೇ ಉಳಿದಿರುತ್ತದೆ. ಬೆಲ್ಲಣ್ಣ ಆ ಕಡೆ ನೋಡುತ್ತಾನೆ, ಈ ಕಡೆ ನೋಡುತ್ತಾನೆ, ಒಂದು ಚೂರನ್ನು ಎರಡೂ ತೋಳಿನಲ್ಲಿ ಅವಚಿಕೊಂಡು ಪುಸ್ತಕದ ಹಿಂದೆ ಇಟ್ಟು ಬರುತ್ತಾನೆ. ನಾನು ತಿರುಗಿ, "ಐದು" ಎನ್ನುತ್ತೇನೆ. ತರಗತಿ ಒಂದೇ ಸಮ ಕೂಗುತ್ತದೆ. "ಮಿಸ್ಸು, ನಾಕೇ ಐತೆ! ಅವ್ನು ಕದ್ದವ್ನೆ!" ಬೆಲ್ಲಣ್ಣ ನನ್ನ ಕಿವಿಗೆ ಬಂದು ಏನೋ ಹೇಳುತ್ತಾನೆ. "ಇಲ್ವಂತೆ ಕಣ್ರೋ, ಅವನು ಮುಟ್ಟೇ ಇಲ್ವಂತೆ" ಎನ್ನುತ್ತೇನೆ ನಾನು. "ಸುಳ್ಳು ಏಳ್ತಾವ್ನೆ ಮಿಸ್ಸು! ಪುಸ್ತುಕದ್ ಇಂದೆ ನೋಡಿ!" ನಾನು ಬೇಕೆಂದೇ ಬೇರೆ ಪುಸ್ತಕದ ಹಿಂದೆ ಹುಡುಕುತ್ತೇನೆ. ಅಷ್ಟರಲ್ಲಿ ಇನ್ನೊಂದು ಚೂರು ಮಾಯ. ಈಗ ಎಷ್ಟು? ಮೂರು. ಎಷ್ಟು ಹೋಯಿತು? ಎರಡು. ಲೆಕ್ಕ ಹೇಳಿದವಳು ನಾನಲ್ಲ, ಕದ್ದದ್ದನ್ನು ಹಿಡಿದುಕೊಟ್ಟ ಮಕ್ಕಳು.

ಇಲ್ಲಿ ಏನು ನಡೆಯಿತು ನೋಡಿ. ತರಗತಿಯಲ್ಲಿ ಉತ್ತರ ಗೊತ್ತಿಲ್ಲದವರು ಯಾವಾಗಲೂ ಮಕ್ಕಳು, ಗೊತ್ತಿರುವವರು ಮಿಸ್ಸು. ಬೆಲ್ಲಣ್ಣ ಬಂದ ಹೊತ್ತು ಅದು ತಿರುಗುಮುರುಗು. ಮಿಸ್ಸಿಗೆ ಏನೂ ಗೊತ್ತಿಲ್ಲ, ಇಡೀ ತರಗತಿಗೆ ಗೊತ್ತು. ಗೊತ್ತಿರುವವನಿಗೆ ಬಾಯಿ ತಾನಾಗಿ ಬರುತ್ತದೆ. ಇಡೀ ವರ್ಷ ತುಟಿ ಬಿಚ್ಚದೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಮೊದಲ ಸಲ ನನ್ನೊಡನೆ ಆಡಿದ ಮಾತು, "ನಿಮ್ ಬೆನ್ನಿಂದೆ ಅವ್ನೆ." ನನಗೆ ಹೇಳಿದ್ದು ಅನ್ನುವುದಕ್ಕಿಂತ ಬೆಲ್ಲಣ್ಣನ ಮೇಲೆ ಚಾಡಿ ಹೇಳಿದ್ದು ಎನ್ನಬೇಕು. ಆಮೇಲೆ ಅವಳ ಮಾತು ನಿಲ್ಲಲಿಲ್ಲ.

ಗೊಂಬೆ ಮಾತಾಡದೆ ಇರುವುದರ ಬೆಲೆ ನನಗೆ ಹೆಚ್ಚು ತಿಳಿದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕಾಡಂಚಿನ ಹಾಡಿಗಳಿಂದ ಬರುವ ಜೇನುಕುರುಬರ ಮಕ್ಕಳಿಗೆ ಮನೆಯ ಮಾತೇ ಬೇರೆ, ಪುಸ್ತಕದ ಕನ್ನಡವೇ ಬೇರೆ. ಶಾಲೆಗೆ ಬಂದ ಕೂಡಲೇ ಅವರಲ್ಲಿ ಕೆಲವರು ಮಾತು ನಿಲ್ಲಿಸಿಬಿಡುತ್ತಾರೆ. ದಡ್ಡರಲ್ಲ, ಸುಮ್ಮನಾಗಿರುತ್ತಾರೆ ಅಷ್ಟೆ. ಗೊಂಬೆಯನ್ನು ಅಂಥ ಮಗುವಿನ ಕಿವಿಯ ಹತ್ತಿರ ಕೊಂಡುಹೋಗಿ ಪಿಸುಗುಡಿಸುತ್ತಿದ್ದೆ. ಗೊಂಬೆ ನಿಜಕ್ಕೂ ಏನೂ ಹೇಳುತ್ತಿರಲಿಲ್ಲ. "ಏನಂತೆ ಅವನಿಗೆ?" ಎಂದು ನಾನು ಕೇಳಿದರೆ ಮಗು ಯೋಚಿಸಿ, ತನ್ನದೇ ಮಾತಿನಲ್ಲಿ, ತಾನೇ ಏನೋ ಹೇಳಬೇಕು. ಹಸಿವಂತೆ. ಮನೆಗೆ ಹೋಗಬೇಕಂತೆ. ಇವನ ಪಕ್ಕ ಕೂರುವುದಿಲ್ಲವಂತೆ, ಚಿವುಟುತ್ತಾನಂತೆ. ಒಂದು ಮಗು ನೇರವಾಗಿ ಹೇಳಲಾರದ ಸಂಗತಿಯನ್ನು ಗೊಂಬೆಯ ಹೆಸರಿನಲ್ಲಿ ಸಲೀಸಾಗಿ ಹೇಳುತ್ತದೆ. ಗೊಂಬೆಗೆ ಅಚ್ಚುಕಟ್ಟಾದ ದನಿ, ಶುದ್ಧವಾದ ಕನ್ನಡ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಅದೂ ಇನ್ನೊಬ್ಬ ಮೇಡಂ ಆಗಿಬಿಡುತ್ತಿತ್ತು.

ಕೋಟೆಯ ಮಾತು ಬಂದಾಗ ನಲಿ-ಕಲಿಯನ್ನು ನೆನೆಯದೆ ಮುಂದೆ ಹೋಗಲಾರೆ. ಸರ್ಕಾರಿ ಶಾಲೆಗಳ ಆ ಕಲಿಕಾ ಪದ್ಧತಿ ಹುಟ್ಟಿದ್ದು ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿಯ ಹತ್ತಿರದ ಋಷಿವ್ಯಾಲಿಗೆ ಹೋಗಿ, ಅವರು ನಡೆಸುತ್ತಿದ್ದ ಹಳ್ಳಿಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವು ಕೊಟ್ಟಿತು. ಬೆಂಚು ಹೋಯಿತು, ಮಕ್ಕಳು ಗುಂಪುಗಳಾಗಿ ದುಂಡಗೆ ನೆಲದ ಮೇಲೆ ಕೂತರು. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ ಬಂತು, ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಬರೆದದ್ದನ್ನು ತೂಗುಹಾಕುವ ಚಪ್ಪರ ಬಂತು. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆ ಎಟುಕುವ ಹಾಗೆ ಕಪ್ಪು ಹಲಗೆ ಬಂತು. 2009ರ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಹರಡಿತು. ಮೇಷ್ಟ್ರು ಕುರ್ಚಿಯಿಂದ ಇಳಿದು ನೆಲದ ಮೇಲೆ ಮಕ್ಕಳ ಪಕ್ಕ ಕೂರಬೇಕು ಎನ್ನುವುದು ಅದರ ಜೀವಾಳ. ಕೈಗೊಂಬೆಗೆ ಇದಕ್ಕಿಂತ ಒಳ್ಳೆಯ ರಂಗಸ್ಥಳ ಎಲ್ಲಿ ಸಿಕ್ಕೀತು? ಕುರ್ಚಿಯಿಂದ ಇಳಿದ ಮೇಷ್ಟ್ರು ಇನ್ನೊಂದು ಮೆಟ್ಟಿಲು ಇಳಿದು ಒಂದು ಗೊಂಬೆಯಿಂದ ಮೋಸ ಹೋಗುವುದಕ್ಕೂ ಒಪ್ಪಿದರೆ ಆ ಪದ್ಧತಿಗೆ ಬೇಕಾದ ನಲಿವು ತಾನಾಗಿ ಬರುತ್ತದೆ.

ಇಲ್ಲಿ ನನಗೊಂದು ತಕರಾರಿದೆ, ಅದನ್ನು ಬಿಚ್ಚಿ ಹೇಳುತ್ತೇನೆ. ಗೊಂಬೆಯನ್ನು ನಮ್ಮವರು ಬಳಸುವುದೇ ಇಲ್ಲ ಎಂದಲ್ಲ. ದೆಹಲಿಯಲ್ಲಿ 1979ರಲ್ಲಿ ಶುರುವಾದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ದೇಶದ ನಾನಾ ಕಡೆಯ ಶಿಕ್ಷಕರಿಗೆ ಗೊಂಬೆ ಮಾಡುವುದನ್ನೂ ಆಡಿಸುವುದನ್ನೂ ಕಲಿಸುತ್ತಾ ಬಂದಿದೆ. ಆರೋಗ್ಯ, ಕುಟುಂಬ ಯೋಜನೆ, ನೈರ್ಮಲ್ಯದ ಪ್ರಚಾರಕ್ಕೆ ಸರ್ಕಾರದವರು ಗೊಂಬೆಯಾಟದವರನ್ನು ಊರೂರಿಗೆ ಕಳಿಸಿದ್ದೂ ಉಂಟು. ಆದರೆ ಗೊಂಬೆ ಕೈಗೆ ಬಂದ ಕೂಡಲೇ ನಮಗೆ ಅದರ ಬಾಯಲ್ಲಿ ಬುದ್ಧಿಮಾತು ಹೇಳಿಸುವ ಆಸೆ. ಮಕ್ಕಳೇ, ಊಟಕ್ಕೆ ಮುಂಚೆ ಕೈ ತೊಳೆಯಿರಿ. ಮಕ್ಕಳೇ, ಸುಳ್ಳು ಹೇಳಬೇಡಿ. ಮಕ್ಕಳು ಒಂದು ನಿಮಿಷ ಗೊಂಬೆಯ ಮುಖ ನೋಡುತ್ತಾರೆ, ಆಮೇಲೆ ಕಿಟಕಿ ನೋಡುತ್ತಾರೆ. ಗೊಂಬೆ ಕೈ ತೊಳೆಯದೆ ಇರುವವನಾಗಬೇಕು. ಮಣ್ಣಾದ ಕೈಯಲ್ಲೇ ಉಪ್ಪಿಟ್ಟಿಗೆ ಕೈ ಹಾಕಬೇಕು. ಆಗ ನೋಡಿ, ಕೈ ಯಾಕೆ ತೊಳೆಯಬೇಕು ಎಂದು ಇಡೀ ತರಗತಿ ಅವನಿಗೆ ಪಾಠ ಹೇಳುತ್ತದೆ. ಬೆಲ್ಲಣ್ಣನನ್ನು ಮಕ್ಕಳು ಬೈಯುವ ಮಾತುಗಳನ್ನು ಕೇಳಬೇಕು ನೀವು. "ಇರು, ನಿಮ್ಮಪ್ಪ ಬರ್ಲಿ." "ಬಾಸುಂಡೆ ಬರಂಗ್ ಕೊಡ್ತೀನಿ." ಒಂದೊಂದು ಮನೆಯ ಒಳಗಿನ ದನಿ ಅದು. ಯಾವ ಮಗು ಮನೆಯಲ್ಲಿ ಹೊಡೆತ ತಿನ್ನುತ್ತಿದೆ ಎನ್ನುವುದು ಹಾಜರಿ ಪುಸ್ತಕದಿಂದ ಗೊತ್ತಾಗುವುದಿಲ್ಲ, ಇದರಿಂದ ಗೊತ್ತಾಗುತ್ತದೆ. ಇನ್ನು ಕೆಲವು ಮಕ್ಕಳು ಬೈಯುವುದಿಲ್ಲ, ಎದ್ದು ಬಂದು ಬೆಲ್ಲಣ್ಣನ ಕೈಯನ್ನು ತಮ್ಮ ಲಂಗದ ಚುಂಗಿನಲ್ಲಿ ಒರೆಸುತ್ತಾರೆ.

ಶಿಸ್ತು ಕೆಡುವುದಿಲ್ಲವೆ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಸದ್ದು ಆಗುತ್ತದೆ, ನಿಜ. ಆದರೆ ತುಂಟತನವನ್ನೆಲ್ಲ ಗೊಂಬೆ ಗುತ್ತಿಗೆ ಹಿಡಿದುಬಿಟ್ಟರೆ ಮಕ್ಕಳಿಗೆ ಉಳಿಯುವುದು ಅವನನ್ನು ತಿದ್ದುವ ಕೆಲಸ. ಬೆಲ್ಲಣ್ಣನನ್ನು ಚೀಲಕ್ಕೆ ಹಾಕಿದ ಮೇಲೆ ಅವನು ಮಲಗಿದ್ದಾನೆ, ಎಬ್ಬಿಸಬೇಡಿ ಎಂದರೆ ತರಗತಿ ತಾನಾಗಿ ತಗ್ಗಿದ ದನಿಗೆ ಬರುತ್ತಿತ್ತು. ಬೆತ್ತಕ್ಕೆ ಅದು ಸಾಧ್ಯವಾದದ್ದನ್ನು ನಾನು ಕಂಡಿಲ್ಲ.

ಬಾನುಲಿಯಲ್ಲಿ ಕೂತು ಗೊಂಬೆಯ ಬಗ್ಗೆ ಮಾತಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನೋಡಬೇಕಾದ ವಸ್ತುವನ್ನು ಕೇಳಿಸುವುದು ಹೇಗೆ? ಕೇಳಿಸಿದವರಿದ್ದಾರೆ. ಅಮೆರಿಕದಲ್ಲಿ ಎಡ್ಗರ್ ಬರ್ಗೆನ್ ಎಂಬಾತ 1937ರಿಂದ ತನ್ನ ಮಾತಾಡುವ ಗೊಂಬೆ ಚಾರ್ಲಿ ಮೆಕಾರ್ಥಿಯನ್ನು ರೇಡಿಯೊದಲ್ಲಿ ಮನೆಮಾತಾಗಿಸಿದ. ಬ್ರಿಟನ್ನಿನಲ್ಲಿ 1950ರಿಂದ ಪೀಟರ್ ಬ್ರೋ ಅವರ ಗೊಂಬೆ ಆರ್ಚಿ ಬಿಬಿಸಿ ರೇಡಿಯೊದಲ್ಲಿ ಲಕ್ಷಾಂತರ ಮಂದಿಯನ್ನು ನಗಿಸಿತು. ತುಟಿ ಅಲುಗಿಸದೆ ಮಾತಾಡುವ ಅವರ ವಿದ್ಯೆ ರೇಡಿಯೊದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಜನರಿಗೆ ಬೇಕಾಗಿದ್ದದ್ದು ಆ ವಿದ್ಯೆಯಲ್ಲ, ಆ ತರಲೆ ಹುಡುಗ. ನಮ್ಮ ಕನ್ನಡದಲ್ಲೂ ಇಂದುಶ್ರೀ ಅವರ ಗೊಂಬೆ ಡಿಂಕು ಇದೆ. ವೇದಿಕೆಯ ಮೇಲೆ ಡಿಂಕು ಅವರಿಗೇ ಎದುರುತ್ತರ ಕೊಡುತ್ತಿದ್ದರೆ ಸಭೆಯಲ್ಲಿ ಮಕ್ಕಳಿಗಿಂತ ಅಜ್ಜಿಯರೇ ಹೆಚ್ಚು ನಗುತ್ತಾರೆ. ಮೈಸೂರಿನ ಈ ಬಾನುಲಿಯ ಹುಟ್ಟೂ ನೆನಪಿಡುವಂಥದು. 1935ರ ಸೆಪ್ಟೆಂಬರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠಲ ವಿಹಾರದಲ್ಲಿ ಶುರು ಮಾಡಿದ ನಿಲಯ ಇದು. ಮನುಷ್ಯರ ಮನಸ್ಸನ್ನು ಓದಿದ ವಿದ್ವಾಂಸರೊಬ್ಬರು ದನಿಯನ್ನೇ ನೆಚ್ಚಿ ಕಟ್ಟಿದ ನಿಲಯದಲ್ಲಿ ಮಕ್ಕಳಿಗಾಗಿ ಒಂದು ತುಂಟ ದನಿ ವಾರವಾರ ಬರಲಿ ಎಂದು ಕೇಳಿಕೊಳ್ಳುವುದು ತಪ್ಪಾಗಲಾರದು.

ಟೀವಿಯಲ್ಲಿ ಬೇಕಾದಷ್ಟು ಇದೆಯಲ್ಲ ಎನ್ನಬಹುದು. 2009ರಲ್ಲಿ ಚಿಂಟು ಟೀವಿ ಬಂದ ಮೇಲೆ ನಮ್ಮ ಮಕ್ಕಳು ಕಾರ್ಟೂನುಗಳನ್ನು ಕನ್ನಡದಲ್ಲೇ ನೋಡುತ್ತಿದ್ದಾರೆ. ಅದು ಒಳ್ಳೆಯದೇ. ಈಗ ಊಟ ಮಾಡಿಸುವುದಕ್ಕೂ ಮಗುವಿನ ಕೈಗೆ ಫೋನು. ಪರದೆಯ ಮೇಲಿನ ಚಿತ್ರ ಎಷ್ಟು ಬಣ್ಣದ್ದಾದರೂ ಅದಕ್ಕೆ ನಿಮ್ಮ ಮಗು ಕಾಣಿಸುವುದಿಲ್ಲ. ಮಗು "ಹಿಂದೆ ನೋಡು" ಎಂದು ಕೂಗಿದರೆ ಅದು ತಿರುಗುವುದಿಲ್ಲ. ಗೊಂಬೆ ತಿರುಗುತ್ತದೆ. ಮಗುವಿನ ಮಾತಿನಿಂದ ಕಥೆಯ ದಾರಿ ಬದಲಾಗುತ್ತದೆ. ಆ ಇಂಗ್ಲಿಷ್ ಕರಡಿಯೂ ಮೊದಲು ನಗಿಸಿದ್ದು ಒಂದು ಮನೆಯ ಮಕ್ಕಳನ್ನು, ಅಪ್ಪನ ಕೈಯಲ್ಲಿ ಕೂತು. ಟೆಲಿವಿಷನ್ ಆಮೇಲಿನ ಮಾತು.

ಮಾಡುವುದು ಹೇಗೆ ಎಂದು ಹೇಳಿಬಿಡುತ್ತೇನೆ, ಕಾಗದ ಪೆನ್ಸಿಲ್ ಬೇಕಾಗಿಲ್ಲ. ಹಳೆಯ ಪತ್ರಿಕೆಯನ್ನು ಚೂರು ಮಾಡಿ ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಹಿಂಡಿ, ಒರಳಲ್ಲಿ ಕುಟ್ಟಿ, ಮೈದಾ ಅಂಟಿನ ಜೊತೆ ಒಂದಿಷ್ಟು ಮೆಂತ್ಯದ ಹಿಟ್ಟು ಸೇರಿಸಿ ನಾದಿ. ಮೆಂತ್ಯ ಹಾಕಿದರೆ ಹಿಡಿತ ಬರುತ್ತದೆ, ಹುಳ ಹತ್ತುವುದು ಕಡಿಮೆ. ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ, ಅದು ಇನ್ನೂ ಗಟ್ಟಿ. ರಟ್ಟನ್ನು ತೋರುಬೆರಳಿಗೆ ಸುತ್ತಿ ಕೊಳವೆ ಮಾಡಿ, ಅದರ ಮೇಲೆ ಈ ಮುದ್ದೆಯಿಂದ ತಲೆ ಕಟ್ಟಿ. ಮೂಗು ಸ್ವಲ್ಪ ದೊಡ್ಡದಿರಲಿ, ದೂರಕ್ಕೆ ಮೂಗೇ ಕಾಣುವುದು. ಬಾಯಿ ತೀರಾ ನಗುವ ಹಾಗೆ ಬರೆಯಬೇಡಿ. ನಗುಮುಖದ ಗೊಂಬೆ ಅಳಬೇಕಾದಾಗ ಕೆಟ್ಟದಾಗಿ ಕಾಣುತ್ತದೆ. ನೆಟ್ಟಗಿನ ಗೆರೆ ಇದ್ದರೆ ತಲೆ ಎತ್ತಿದಾಗ ನಗು, ತಗ್ಗಿಸಿದಾಗ ದುಃಖ, ಎರಡೂ ಮಕ್ಕಳಿಗೆ ಕಾಣುತ್ತದೆ. ನಾಲ್ಕು ದಿನ ನೆರಳಲ್ಲಿ ಒಣಗಬೇಕು, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಅಂಗಿ ಮಾತ್ರ ನಿಮ್ಮ ಮುಂಗೈ ಮುಚ್ಚುವಷ್ಟು ಉದ್ದ ಹೊಲಿಯಿರಿ. ಇಷ್ಟಕ್ಕೆಲ್ಲ ಪುರುಸೊತ್ತಿಲ್ಲದ ಅಂಗನವಾಡಿ ಕಾರ್ಯಕರ್ತೆಯರು ಒಂದು ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದುಕೊಂಡರೂ ಸಾಕು. ಮಕ್ಕಳು ಅದರಲ್ಲಿ ಕೊರತೆ ಹುಡುಕುವುದಿಲ್ಲ.

ಕೈಗೆ ತೊಟ್ಟ ಮೇಲೆ ಎರಡು ಸಂಗತಿ ಮರೆಯಬಾರದು. ನೀವು ಮಕ್ಕಳನ್ನು ನೋಡಬೇಡಿ, ಗೊಂಬೆಯನ್ನು ನೋಡಿ. ನೀವು ನೋಡಿದ ಕಡೆಗೇ ಮಕ್ಕಳೂ ನೋಡುತ್ತಾರೆ. ಗೊಂಬೆಯ ಗಲ್ಲ ಮುಂದೆ ಬಾಗಿರಲಿ, ಇಲ್ಲದಿದ್ದರೆ ಅದು ಸೂರು ನೋಡುತ್ತಾ ನಿಲ್ಲುತ್ತದೆ. ಇಷ್ಟು ಬಂದರೆ ಉಳಿದದ್ದನ್ನು ಮಕ್ಕಳೇ ಕಲಿಸುತ್ತಾರೆ.

ನಮ್ಮ ಶಾಲಾ ಕ್ಲಸ್ಟರುಗಳಲ್ಲಿ ಶಿಕ್ಷಕರ ತಿಂಗಳ ಸಮಾಲೋಚನಾ ಸಭೆ ನಡೆಯುತ್ತದೆ. ಸುತ್ತೋಲೆ ಓದುವುದು, ಅಂಕಿಅಂಶ ತುಂಬುವುದು ಇದ್ದದ್ದೇ. ಮುಂದಿನ ಸಭೆಯಲ್ಲಿ ಮಧ್ಯಾಹ್ನದ ಒಂದು ಗಂಟೆಯನ್ನು ಗೊಂಬೆ ಮಾಡುವುದಕ್ಕೆ ಬಿಡಿ ಎಂದು ಸಾಲಿಗ್ರಾಮದ, ಹುಣಸೂರಿನ, ಪಿರಿಯಾಪಟ್ಟಣದ, ಕೋಟೆಯ ನನ್ನ ಶಿಕ್ಷಕ ಬಂಧುಗಳನ್ನು ಕೇಳಿಕೊಳ್ಳುತ್ತೇನೆ. ಸೂಜಿ ದಾರ, ಹಳೆ ಬಟ್ಟೆ, ಪತ್ರಿಕೆ, ಒಂದು ಪಾವು ಮೆಂತ್ಯ ತನ್ನಿ. ಕಿಳ್ಳೇಕ್ಯಾತನ ಆಟ ಬಲ್ಲ ಹಿರಿಯರು ನಿಮ್ಮ ಸುತ್ತಿನಲ್ಲಿ ಯಾರಾದರೂ ಇದ್ದರೆ ಅವರನ್ನು ಗೌರವದಿಂದ ಕರೆತನ್ನಿ, ಹೋಗಿ ಬರುವ ಖರ್ಚು ಕೊಡಿ. ಗೌಡನನ್ನು ಮುಂದೆ ಕೂರಿಸಿಕೊಂಡೇ ಗೌಡನನ್ನು ನಗಿಸುವುದು ಹೇಗೆಂದು ಅವರಿಗಿಂತ ಚೆನ್ನಾಗಿ ಹೇಳಿಕೊಡುವವರು ಸಿಗಲಾರರು. ಗೊಂಬೆ ಆದ ಮೇಲೆ ಅದಕ್ಕೆ ನೀವು ಹೆಸರಿಡಬೇಡಿ, ಶಾಲೆಗೆ ತೆಗೆದುಕೊಂಡು ಹೋಗಿ ಒಂದನೇ ತರಗತಿಯವರನ್ನು ಕೇಳಿ.